ಜಪಾನ್ ರೈಲ್ ಟ್ರಿಪ್: ಬೆಟ್ಟದ ಊರಿಂದ ಪ್ಲಾನ್ ಶುರು ಮಾಡಿದ ನನ್ನ ಅನುಭವ

ಜಪಾನ್‌ಗೆ ಮೊದಲನೇ ಸಲ ಹೋಗೋರು ಸುಮಾರು ಜನ ಟೋಕಿಯೋ, ಕ್ಯೋಟೋ ಫಿಕ್ಸ್ ಮಾಡ್ಕೊಂಡು, ಮಧ್ಯದಲ್ಲಿ ಟೈಮ್ ಉಳಿದ್ರೆ ಒಂದು ಹಳೇ ಬೆಟ್ಟದ ಊರು ತುರುಕ್ತಾರೆ. ನಾನು ಇದನ್ನ ಉಲ್ಟಾ ಮಾಡ್ದೆ. ಯಾಕಂದ್ರೆ ಟೋಕಿಯೋ-ಕ್ಯೋಟೋ ಲೈನಲ್ಲಿ ನೊಝೊಮಿ ಅನ್ನೋ ಶಿಂಕಾನ್ಸೆನ್ (ಬುಲೆಟ್ ರೈಲು) ರಶ್ ಟೈಮಲ್ಲಿ ಗಂಟೆಗೆ 12ರ ತನಕ ಓಡುತ್ತೆ, ಒಂದು ಹೋಯ್ತು ಅಂದ್ರೆ ನಿಂತಲ್ಲೇ ಇನ್ನೊಂದು ಬರುತ್ತೆ. ಆದ್ರೆ ಕಿಸೋ ಕಣಿವೆಯ ತ್ಸುಮಾಗೋ ಅನ್ನೋ ಹಳೇ ಊರಿಂದ ಹತ್ತಿರದ ನಾಗಿಸೋ ಸ್ಟೇಷನ್‌ಗೆ ಹೋಗೋ ಬಸ್ಸು ದಿನಕ್ಕೆ ಕೆಲವೇ ಕೆಲವು, ತಪ್ಪಿದ್ರೆ ಟ್ಯಾಕ್ಸಿ ಅಥವಾ ಸುಮಾರು ಒಂದು ಗಂಟೆ ನಡಿಗೆ. ಹಾಗಾಗಿ ಕಡಿಮೆ ಗಾಡಿ ಇರೋ ಜಾಗದ ಟೈಮಿಂಗ್ಸ್ ಮೊದಲು ಬರ್ಕೊಂಡು ಸಿಟಿಗಳನ್ನ ಅದರ ಸುತ್ತ ಕೂರಿಸ್ದೆ.

ಹೋಗಿದ್ದು ನಾನು, ನಮ್ಮಕ್ಕ. ರೂಟ್ ಹೀಗೆ: ಟೋಕಿಯೋ, ಅಲ್ಲಿಂದ ಹೊಕುರಿಕು ಶಿಂಕಾನ್ಸೆನಲ್ಲಿ ಕನಾಝಾವಾ, ಬಸ್ಸಲ್ಲಿ ಶಿರಾಕಾವಾ-ಗೋ ನೋಡ್ಕೊಂಡು ತಕಾಯಾಮಾ, ರೈಲಲ್ಲಿ ನಗೋಯಾ, ಅಲ್ಲಿಂದ ಕಿಸೋ ಕಣಿವೆ, ಕೊನೆಗೆ ಕ್ಯೋಟೋ. ಫ್ಲೈಟ್ ಇಳಿಯೋದು ಟೋಕಿಯೋದಲ್ಲಿ, ವಾಪಸ್ ಹತ್ತೋದು ಒಸಾಕಾ ಪಕ್ಕದ ಕಾನ್ಸಾಯಿ ಏರ್‌ಪೋರ್ಟಲ್ಲಿ ಅಂತ ಬುಕ್ ಮಾಡಿದ್ವಿ. ಇದೊಂದರಿಂದಲೇ ಕ್ಯೋಟೋದಿಂದ ಟೋಕಿಯೋಗೆ ವಾಪಸ್ ಬರೋ ಟಿಕೆಟ್ ಖರ್ಚು ಸುಮಾರು 14,000 ಯೆನ್ ಉಳೀತು, ಅದೂ ತಲಾ ಒಬ್ಬರಿಗೆ.

ಇನ್ನು ಎಲ್ಲರೂ ಕೇಳೋ ಪ್ರಶ್ನೆ, ಜೆಆರ್ ಪಾಸ್ (ಜೆಆರ್ ಅಂದ್ರೆ ಜಪಾನ್ ರೈಲ್ವೇಸ್, ಅವರ ರೈಲುಗಳಲ್ಲಿ ಓಡಾಡೋಕೆ ಟೂರಿಸ್ಟ್‌ಗಳಿಗೆ ಕೊಡೋ ಪಾಸ್) ತಗೋಬೇಕಾ. 2023ರ ಅಕ್ಟೋಬರ್ ತನಕ 7 ದಿನದ ಪಾಸ್ 29,650 ಯೆನ್ ಇತ್ತು, ಆಗ ಕಣ್ಣುಮುಚ್ಕೊಂಡು ತಗೋಬಹುದಿತ್ತು. ಆಮೇಲೆ ಒಂದೇ ಏಟಿಗೆ 50,000 ಮಾಡಿದ್ರು. ನಾನು ಪೇಪರ್ ಮೇಲೆ ಲೆಕ್ಕ ಹಾಕ್ದೆ: ಟೋಕಿಯೋ-ಕನಾಝಾವಾ 14,000ಕ್ಕೂ ಸ್ವಲ್ಪ ಜಾಸ್ತಿ, ತಕಾಯಾಮಾ-ನಗೋಯಾ 6,000 ಚಿಲ್ಲರೆ, ನಗೋಯಾ-ಕ್ಯೋಟೋ 6,000ದ ಹತ್ತಿರ, ಕಿಸೋಗೆ ಹೋಗಿಬರೋದು, ಏರ್‌ಪೋರ್ಟ್ ರೈಲು ಎಲ್ಲಾ ಸೇರಿಸಿದ್ರೂ 50,000 ಹತ್ರಾನೂ ಬರ್ಲಿಲ್ಲ. ಮೇಲಿಂದ ಪಾಸ್ ಇದ್ರೂ ನೊಝೊಮಿಗೆ ಎಕ್ಸ್‌ಟ್ರಾ ದುಡ್ಡು ಕೊಡ್ಬೇಕು, ಶಿರಾಕಾವಾ-ಗೋ ಬಸ್ಸಿಗೆ ಅದು ನಡೆಯಲ್ಲ. ನಗೋಯಾ-ತಕಾಯಾಮಾ-ಕನಾಝಾವಾ-ಒಸಾಕಾ ಸುತ್ತೋರಿಗೆ ತಕಾಯಾಮಾ-ಹೊಕುರಿಕು ಅಂತ 5 ದಿನದ ಪಾಸ್ ಬೇರೆ ಇದೆ, ಅದರಲ್ಲಿ ಆ ಬಸ್ಸೂ ಸೇರುತ್ತೆ. ಒಳ್ಳೇ ಪಾಸೇ, ಆದ್ರೆ ಟೋಕಿಯೋ ಭಾಗ ಅದರಲ್ಲಿಲ್ಲ, ಕಿಸೋ ಕಣಿವೆನೂ ಇಲ್ಲ. ಬಿಡಿ ಟಿಕೆಟ್ಟೇ ಸರಿ ಅನ್ನಿಸ್ತು.

ರೈಲಿನ ರಿಸರ್ವೇಶನ್ ಮಾಮೂಲಿಯಾಗಿ ಒಂದು ತಿಂಗಳು ಮುಂಚೆ ಜಪಾನ್ ಟೈಮ್ ಬೆಳಗ್ಗೆ 10ಕ್ಕೆ ಓಪನ್ ಆಗುತ್ತೆ. ಕನಾಝಾವಾಗೆ ಹೋಗೋ ಕಾಗಾಯಾಕಿ ಅನ್ನೋ ಶಿಂಕಾನ್ಸೆನ್ ಪೂರ್ತಿ ರಿಸರ್ವ್ಡ್, ಅನ್‌ರಿಸರ್ವ್ಡ್ ಕೋಚೇ ಇಲ್ಲ, ಸುಮಾರು ಎರಡೂವರೆ ಗಂಟೆ ಪ್ರಯಾಣ. ಇನ್ನೊಂದು ಗೊತ್ತಿರಲಿ, 2024ರ ಮಾರ್ಚಲ್ಲಿ ಈ ಲೈನ್ ತ್ಸುರುಗಾ ತನಕ ಮುಂದುವರೀತು, ಹಾಗಾಗಿ ಕನಾಝಾವಾದಿಂದ ಸೀದಾ ಕ್ಯೋಟೋಗೆ ಹೋಗೋರು ಈಗ ತ್ಸುರುಗಾದಲ್ಲಿ ಇಳಿದು ಥಂಡರ್‌ಬರ್ಡ್ ಅನ್ನೋ ರೈಲು ಹತ್ಬೇಕು. ಹಳೇ ವಿಡಿಯೋಗಳಲ್ಲಿ ಒಂದೇ ರೈಲು ಅಂತ ಇರುತ್ತೆ, ಅದನ್ನ ನಂಬ್ಕೊಂಡು ಹೋಗ್ಬೇಡಿ.

ಲಗೇಜ್ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿನೇ ತಲೆ ಕೆಡಿಸ್ಕೊಂಡಿದ್ದೆ. ತೊಕೈದೋ ಶಿಂಕಾನ್ಸೆನಲ್ಲಿ (ಟೋಕಿಯೋ-ನಗೋಯಾ-ಕ್ಯೋಟೋ ಲೈನ್) ಉದ್ದ ಅಗಲ ಎತ್ತರ ಕೂಡಿದ್ರೆ 160 ಸೆಂಮೀ ದಾಟೋ ಸೂಟ್‌ಕೇಸ್ ಇದ್ರೆ ಅದಕ್ಕಂತಲೇ ಇರೋ ಸೀಟ್ ಬುಕ್ ಮಾಡ್ಬೇಕು, ಅದಕ್ಕೆ ಬೇರೆ ಚಾರ್ಜಿಲ್ಲ. ಆದ್ರೆ ನಿಜವಾದ ತಲೆನೋವು ಶಿಂಕಾನ್ಸೆನಲ್ಲ, ಬೆಟ್ಟದ ಬಸ್ಸು, ಕಲ್ಲುಹಾಸಿನ ಬೀದಿ. ಅದಕ್ಕೆ ಅವರಲ್ಲಿ ತಕ್ಕ್ಯೂಬಿನ್ ಅಂತ ಒಂದು ವ್ಯವಸ್ಥೆ ಇದೆ, ಹೋಟೆಲ್ ರಿಸೆಪ್ಶನಲ್ಲೇ ಫಾರ್ಮ್ ತುಂಬಿ ದೊಡ್ಡ ಪೆಟ್ಟಿಗೆ ಕೊಟ್ರೆ ಮುಂದಿನ ಹೋಟೆಲಿಗೆ ತಲುಪಿಸ್ತಾರೆ. ನಾವು ಕನಾಝಾವಾದಿಂದ ಪೆಟ್ಟಿಗೆಗಳನ್ನ ಸೀದಾ ಕ್ಯೋಟೋ ಹೋಟೆಲಿಗೆ ಕಳಿಸಿ (ನಾವು ಬರೋ ತನಕ ಇಟ್ಕೋತೀರಾ ಅಂತ ಮೊದ್ಲೇ ಮೇಲ್ ಹಾಕಿ ಕೇಳಿದ್ವಿ) ಬೆನ್ನಿಗೊಂದು ಬ್ಯಾಗ್ ಹಾಕ್ಕೊಂಡು ಬೆಟ್ಟ ಹತ್ತಿದ್ವಿ. ನಮ್ಮಕ್ಕ ಎರಡು ಜೊತೆ ಬಟ್ಟೆಲಿ ಹೆಂಗಪ್ಪಾ ಅಂತ ಗೊಣಗ್ತಾನೇ ಪ್ಯಾಕ್ ಮಾಡಿದ್ಲು, ಆಮೇಲೆ ಕಿಸೋ ಕಣಿವೆಯ ಮಾಗೋಮೆ ಊರಿನ ಏರು ನೋಡಿ ಸುಮ್ಮನಾದ್ಲು.

ಶಿರಾಕಾವಾ-ಗೋಗೆ ರೈಲೇ ಇಲ್ಲ. ಕನಾಝಾವಾ ಕಡೆಯಿಂದ ಸುಮಾರು ಒಂದೂಕಾಲು ಗಂಟೆ ಬಸ್ಸು, ಅಲ್ಲಿಂದ ತಕಾಯಾಮಾಗೆ ಇನ್ನೊಂದು 50 ನಿಮಿಷ. ಹಿಮ ನಿಲ್ಲದೆ ಜಾರಲಿ ಅಂತ ಕಡಿದಾಗಿ ಕಟ್ಟಿರೋ ಹುಲ್ಲಿನ ಮಾಡಿನ ಮನೆಗಳು, ಅಟ್ಟದಲ್ಲಿ ರೇಷ್ಮೆಹುಳು ಸಾಕ್ತಿದ್ರಂತೆ. 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಈ ರೂಟಲ್ಲಿ ಕೆಲವು ಬಸ್ಸು ರಿಸರ್ವೇಶನ್ ಇದ್ರೆ ಮಾತ್ರ ಹತ್ತಿಸ್ತಾರೆ, ಕೆಲವಕ್ಕೆ ಬೇಡ, ಟೈಮ್ ಟೇಬಲಲ್ಲಿ ನೋಡಿ ಬುಕ್ ಮಾಡ್ಕೊಳ್ಳಿ. ನಮಗೆ ಎರಡ್ಮೂರು ಗಂಟೆ ಸಾಕಾಯ್ತು.

ತಕಾಯಾಮಾಗೆ ಮಾತ್ರ ಒಂದು ರಾತ್ರಿ ಸಾಲಲ್ಲ ಅಂತ ನನ್ನ ಅಭಿಪ್ರಾಯ. ಹಗಲು ಟೂರ್ ಬಸ್ಸಿನ ಜನ ತುಂಬಿರೋ ಸಾನ್ಮಾಚಿ ಬೀದಿಗಳು ಸಂಜೆ 5ರ ಮೇಲೆ ಖಾಲಿ, ಬೆಳಗ್ಗೆ ಬೇಗ ಎದ್ರೆ ಮಿಯಾಗಾವಾ ಹೊಳೆ ಪಕ್ಕದ ಸಂತೆ. 1692ರಲ್ಲಿ, ಆಗ ಜಪಾನ್ ಆಳ್ತಿದ್ದ ತೊಕುಗಾವಾ ಸರ್ಕಾರ ಈ ಸೀಮೆನ ನೇರ ತನ್ನ ಕೈಗೆ ತಗೊಂಡಿದ್ದು ಇಲ್ಲಿನ ಮರಕ್ಕೋಸ್ಕರ ಅಂತಾರೆ, ಆ ಕಾಲದ ಆಡಳಿತ ಕಚೇರಿ ತಕಾಯಾಮಾ ಜಿನ್ಯಾ ಒಳಗೆ ಹೋಗಿ ನೋಡಬಹುದು. ಏಪ್ರಿಲ್ 14-15, ಅಕ್ಟೋಬರ್ 9-10 ಇಲ್ಲಿನ ತೇರಿನ ಹಬ್ಬ. ಹಬ್ಬ ನೋಡೋದೇ ಉದ್ದೇಶ ಆದ್ರೆ ರೂಮು ಬಹಳ ಮುಂಚೆ ಹಿಡೀರಿ, ಇಲ್ಲಾಂದ್ರೆ ಆ ದಿನಗಳನ್ನ ಬಿಟ್ಟು ಹೋಗಿ.

ಅಲ್ಲಿಂದ ನಗೋಯಾಗೆ ಹಿಡಾ ಎಕ್ಸ್‌ಪ್ರೆಸ್, ಸುಮಾರು ಎರಡೂವರೆ ಗಂಟೆ, ತುಂಬಾ ದೂರ ಹೊಳೆ ಪಕ್ಕದಲ್ಲೇ ಹೋಗುತ್ತೆ. ಗಿಫು ಸ್ಟೇಷನಲ್ಲಿ ರೈಲು ದಿಕ್ಕು ಬದಲಿಸುತ್ತೆ, ಅಲ್ಲಿಂದ ನಗೋಯಾ ತನಕ ಎಲ್ಲರೂ ಬೆನ್ನು ಮುಂದೆ ಮಾಡ್ಕೊಂಡು ಕೂತಿರ್ತಾರೆ, ಗಾಬರಿ ಬೇಡ. ನಗೋಯಾದಿಂದ ಶಿನಾನೋ ಎಕ್ಸ್‌ಪ್ರೆಸಲ್ಲಿ ನಕಾತ್ಸುಗಾವಾ ಸುಮಾರು 50 ನಿಮಿಷ, ಅಲ್ಲಿಂದ ಬಸ್ಸಲ್ಲಿ ಅರ್ಧ ಗಂಟೆಯೊಳಗೆ ಮಾಗೋಮೆ.

ಮಾಗೋಮೆ, ತ್ಸುಮಾಗೋ ಎರಡೂ ಎಡೋ (ಈಗಿನ ಟೋಕಿಯೋ) ಮತ್ತು ಕ್ಯೋಟೋ ಮಧ್ಯದ ನಾಕಾಸೆಂದೋ ದಾರಿಯ 69 ತಂಗುಊರುಗಳಲ್ಲಿ ಸೇರಿದ್ದು. ಮಧ್ಯದ 8 ಕಿಮೀ ನಡೀಬಹುದು, ಆರಾಮಾಗಿ ಮೂರು ಗಂಟೆ. ಮಾಗೋಮೆಯಿಂದ ತ್ಸುಮಾಗೋ ಕಡೆಗೇ ನಡೀರಿ, ಆ ದಿಕ್ಕಲ್ಲಿ ಏರು ಕಡಿಮೆ, ಮೇಲಿನ ಘಟ್ಟ ದಾಟಿದ ಮೇಲೆ ಹೆಚ್ಚುಕಮ್ಮಿ ಇಳಿಜಾರೇ. ದಾರಿಲಿ ಅಲ್ಲಲ್ಲಿ ಕರಡಿ ಓಡಿಸೋಕೆ ಗಂಟೆ ನೇತು ಹಾಕಿದಾರೆ, ನಮ್ಮಕ್ಕ ಒಂದನ್ನೂ ಬಿಡದೆ ಬಾರಿಸಿದ್ಲು. ತ್ಸುಮಾಗೋ ಜನ 1971ರಲ್ಲಿ ಮನೆ ಮಾರಲ್ಲ, ಬಾಡಿಗೆಗೆ ಕೊಡಲ್ಲ, ಕೆಡವಲ್ಲ ಅಂತ ಒಪ್ಪಂದ ಮಾಡ್ಕೊಂಡ್ರು, ಊರು ಹಂಗೇ ಉಳಿದಿರೋದಕ್ಕೆ ಅದೇ ಕಾರಣ. ಹಗಲು ಮುಖ್ಯ ಬೀದಿಗೆ ವಾಹನ ಬಿಡಲ್ಲ, ಬೆನ್ನಿಗೆ ಹೊರೋ ಬ್ಯಾಗೇ ಬೇಕು ಅಂದಿದ್ದು ಇದಕ್ಕೇ.

ಇಲ್ಲಿನ ಛತ್ರದಂಥ ಹಳೇ ವಸತಿಗಳಲ್ಲಿ ರಾತ್ರಿ ಊಟ 6, 6:30ಕ್ಕೆಲ್ಲಾ ಹಾಕ್ತಾರೆ, ತಡವಾಗಿ ಬಂದೆ ಅಂದ್ರೆ ಊಟ ಇಲ್ಲ, ಹೊರಗೂ ಏನೂ ತೆಗೆದಿರಲ್ಲ. ಸಸ್ಯಾಹಾರಿಗಳು ಬುಕ್ ಮಾಡೋವಾಗ್ಲೇ ಹೇಳ್ಬೇಕು, ಮೀನು-ಮಾಂಸ ಬೇಡ ಅಂದ್ರೆ ಸಾಲಲ್ಲ, ದಾಶಿನೂ ಬೇಡ ಅಂತ ಬರೀರಿ, ಯಾಕಂದ್ರೆ ಸಾರು, ಸಾಸ್ ಸುಮಾರೆಲ್ಲಾ ಒಣಮೀನಿನ ಆ ಕಷಾಯದ ಮೇಲೇ ನಿಂತಿರೋದು. ಕೆಲವರು ಆಗಲ್ಲ ಅಂತ ನೇರ ಹೇಳ್ತಾರೆ, ಅದು ಎಷ್ಟೋ ವಾಸಿ, ಬೇರೆ ಕಡೆ ಹುಡುಕ್ಬಹುದು.

ಕ್ಯೋಟೋಗೆ ಬಂದ್ಮೇಲೆ ಪ್ಲಾನ್ ಅಂತ ಏನೂ ಇರ್ಲಿಲ್ಲ, ನಗೋಯಾದಿಂದ 35 ನಿಮಿಷ ಅಷ್ಟೇ, ಸ್ಟೇಷನ್ ಹತ್ರದ ಹೋಟೆಲಲ್ಲಿ ಪೆಟ್ಟಿಗೆಗಳು ನಮಗಿಂತ ಮೊದ್ಲೇ ಬಂದು ಕೂತಿದ್ವು. ಹಾಂ, ಟೋಕಿಯೋದಲ್ಲಿ ತಗೊಂಡ ಸುಯಿಕಾ ಕಾರ್ಡ್ (ದುಡ್ಡು ತುಂಬಿಸ್ಕೊಂಡು ಟ್ಯಾಪ್ ಮಾಡೋ ಪ್ರಯಾಣದ ಕಾರ್ಡ್) ಕ್ಯೋಟೋ ಮೆಟ್ರೋ, ಬಸ್ಸಲ್ಲೂ ನಡೆಯುತ್ತೆ, ಆದ್ರೆ ಒಂದು ಏರಿಯಾದಲ್ಲಿ ಟ್ಯಾಪ್ ಮಾಡಿ ಒಳಗೆ ಹೋಗಿ ಇನ್ನೊಂದು ಏರಿಯಾದಲ್ಲಿ ಹೊರಗೆ ಬರೋಕಾಗಲ್ಲ, ದೂರದ ಪ್ರಯಾಣಕ್ಕೆ ಟಿಕೆಟ್ಟೇ ತಗೊಳ್ಳಿ. ಬೆಟ್ಟದ ಬಸ್ಸು, ಚಿಕ್ಕ ಅಂಗಡಿಗಳಿಗೆ ಮಾತ್ರ ಕ್ಯಾಶ್ ಬೇಕು, ನಗೋಯಾ ಬಿಡೋ ಮುಂಚೆ ಸೆವೆನ್-ಇಲೆವೆನ್ ಎಟಿಎಮ್‌ನಲ್ಲಿ ತೆಗೆದು ಅಲ್ಲೇ ಏನಾದ್ರೂ ಕೊಂಡು ನೋಟು ಮುರಿಸ್ಕೊಂಡಿರಿ.