ಯಾಜಕಕಾಂಡವನ್ನೂ ಬಿಡದೆ: ಸಭೆಯಾಗಿ ಸತ್ಯವೇದ ಓದಿದ ಅನುಭವ

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 66 ಪುಸ್ತಕ, 1,189 ಅಧ್ಯಾಯ. ಇಷ್ಟನ್ನೂ ನಮ್ಮ ಚರ್ಚಿನ ಸಭೆಯವರೆಲ್ಲ ಸೇರಿ ಓದೋಣ ಅಂತ ತೀರ್ಮಾನವಾದಾಗ ಪಟ್ಟಿ ಮಾಡುವ ಕೆಲಸ ನನಗೆ ಬಂತು. ಒಂದೇ ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು ಅಧ್ಯಾಯಕ್ಕಿಂತ ಜಾಸ್ತಿ ಓದಬೇಕು, ಒಂದು ದಿನವೂ ತಪ್ಪಿಸುವಂತಿಲ್ಲ. ಸ್ಕಾಟ್ಲೆಂಡಿನ ಡಂಡಿಯಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತಮ್ಮ ಸಭೆಗೆ ಅಂತಲೇ ಮಾಡಿದ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ವರ್ಷಕ್ಕೆ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಮುಗಿಯುತ್ತವೆ. ಒಳ್ಳೆಯ ಪಟ್ಟಿ. ಆದರೆ ನಮ್ಮಲ್ಲಿ ರಾತ್ರಿ ಪಾಳಿಯವರಿದ್ದಾರೆ, ಕೈಕೂಸು ಇರುವ ತಾಯಂದಿರಿದ್ದಾರೆ, ಓದಲು ಬಾರದ ಹಿರಿಯರಿದ್ದಾರೆ. ಹಾಗಾಗಿ ದಿನಕ್ಕೆ ಮೂರು ಅಧ್ಯಾಯ, ವಾರಕ್ಕೆ ಐದೇ ದಿನ ಅಂತ ಇಟ್ಟೆವು. ಈ ಲೆಕ್ಕದಲ್ಲಿ ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಐದು ದಿನ ಮನೆಯಲ್ಲಿ ಓದುವುದು. ವಾರದಲ್ಲಿ ಒಂದು ಸಂಜೆ ಎಲ್ಲರೂ ಸೇರಿ, ಆ ವಾರದ ಭಾಗದಲ್ಲಿ ಒಂದಿಷ್ಟನ್ನು ಗಟ್ಟಿಯಾಗಿ ಓದುವುದು. ಭಾನುವಾರದ ಪ್ರಸಂಗವೂ ಅದೇ ಭಾಗದಿಂದ. ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಒಬ್ಬೊಬ್ಬ ಜೊತೆಗಾರರು. ಜೊತೆಗಾರರು ಮನೆಗೆ ಹೋಗಿಯೋ ಫೋನಿನಲ್ಲೋ ಓದಿ ಹೇಳುತ್ತಾರೆ. ನೆಹೆಮೀಯ ಪುಸ್ತಕದ 8ನೇ ಅಧ್ಯಾಯದಲ್ಲಿ ಯಾಜಕನಾದ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದ, ಜನ ಕಿವಿಗೊಟ್ಟು ಕೇಳಿದರು ಅಂತ ಇದೆಯಲ್ಲ, ಅಲ್ಲಿ ಹೆಚ್ಚಿನವರ ಕೈಯಲ್ಲಿ ಪುಸ್ತಕ ಇರಲಿಲ್ಲ. ಕೇಳುವುದೂ ಓದುವುದೇ. ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಟ್ಟರೆ ಎಷ್ಟೋ ಜನರ ಸಂಕೋಚ ಹೋಗುತ್ತದೆ.

ಹಿಂದೆ ಬಿದ್ದವರಿಗೆ ಒಂದೇ ನಿಯಮ: ಬಿಟ್ಟದ್ದನ್ನು ಹುಡುಕಿಕೊಂಡು ಹೋಗಬೇಡಿ, ಇವತ್ತಿನದನ್ನು ಓದಿ. ಇದರಲ್ಲಿ ನಾನು ತುಂಬಾ ಗಟ್ಟಿ. ಇಪ್ಪತ್ತು ಅಧ್ಯಾಯ ಬಾಕಿ ಇದೆ ಅಂತ ಗೊತ್ತಾದ ಮನುಷ್ಯ ಪುಸ್ತಕ ತೆರೆಯುವುದನ್ನೇ ನಿಲ್ಲಿಸುತ್ತಾನೆ.

ಹೆಚ್ಚಿನವರು ಕೈಬಿಡುವುದು ಹಳೆ ಒಡಂಬಡಿಕೆಯ ಮೂರನೇ ಪುಸ್ತಕವಾದ ಯಾಜಕಕಾಂಡದಲ್ಲಿ. 27 ಅಧ್ಯಾಯ, ಬಲಿ, ಶುದ್ಧಿ, ಕುಷ್ಠದ ನಿಯಮ. ಹಾಗಂತ ಬಿಡಲು ಆಗುತ್ತದಾ? ನಾವು ಅದರ ಪಕ್ಕದಲ್ಲೇ ಲೂಕನ ಸುವಾರ್ತೆಯ ಮೊದಲ ಅಧ್ಯಾಯಗಳನ್ನು ಇಟ್ಟೆವು. ಯಾಜಕಕಾಂಡ 12ರಲ್ಲಿ ಹೆರಿಗೆಯಾದ ತಾಯಿ ಕುರಿಮರಿಯನ್ನು ತರಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಎರಡು ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ ಸಾಕು. ಲೂಕ 2ರಲ್ಲಿ ಮಗುವನ್ನು ಎತ್ತಿಕೊಂಡು ದೇವಾಲಯಕ್ಕೆ ಬಂದ ಯೋಸೇಫ, ಮರಿಯಳ ವಿಷಯದಲ್ಲಿ ಬರುವುದು ಇದೇ ಹಕ್ಕಿಗಳ ಮಾತು. ಕುರಿಮರಿಯ ಸುದ್ದಿಯೇ ಇಲ್ಲ. ಸಂಜೆಯ ಓದಿನಲ್ಲಿ ಒಬ್ಬ ಅಕ್ಕ ತಟ್ಟನೆ, "ಹಾಗಾದರೆ ಅವರ ಹತ್ತಿರ ಕುರಿಮರಿಗೆ ದುಡ್ಡಿರಲಿಲ್ಲ" ಅಂದರು. ಯೇಸು ಬಡವರ ಮನೆಯಲ್ಲಿ ಬೆಳೆದ ಅಂತ ನಾವೆಲ್ಲ ಎಷ್ಟು ಸಲ ಕೇಳಿದ್ದೇವೆ! ಆದರೆ ಅದು ಬಲಿಯ ನಿಯಮದೊಳಗಿಂದ ಎದ್ದು ಬಂದಾಗ ಆದ ಸಂತೋಷವೇ ಬೇರೆ. ಆಮೇಲೆ ಯಾಜಕಕಾಂಡ ಬೇಸರ ಅಂತ ಯಾರೂ ಹೇಳಲಿಲ್ಲ. 16ನೇ ಅಧ್ಯಾಯದ ದೋಷಪರಿಹಾರಕ ದಿನಕ್ಕೆ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ 9ನೇ ಅಧ್ಯಾಯವನ್ನು ಜೋಡಿಸಿದ್ದೆವು. ಅದೂ ಚೆನ್ನಾಗಿ ಕೂತಿತು.

ಸತ್ಯವೇದದ ಅರಣ್ಯಕಾಂಡದ 7ನೇ ಅಧ್ಯಾಯ ಇನ್ನೊಂದು ಕಷ್ಟದ ಜಾಗ. 89 ವಚನ. ಇಸ್ರಾಯೇಲಿನ ಹನ್ನೆರಡು ಕುಲಗಳ ಮುಖ್ಯಸ್ಥರು ಹನ್ನೆರಡು ದಿನ ಒಬ್ಬೊಬ್ಬರಾಗಿ ಕಾಣಿಕೆ ತರುತ್ತಾರೆ. ಎಲ್ಲರದೂ ಒಂದೇ ಕಾಣಿಕೆ: ಬೆಳ್ಳಿಯ ತಟ್ಟೆ, ಬೆಳ್ಳಿಯ ಬೋಗುಣಿ, ಧೂಪ ತುಂಬಿದ ಚಿನ್ನದ ಪಾತ್ರೆ, ಪಶುಗಳು. ಒಬ್ಬರೇ ಮನೆಯಲ್ಲಿ ಕೂತು ಓದಿದರೆ ಕಣ್ಣು ಜಾರಿಹೋಗುತ್ತದೆ. ನಾವು ಹನ್ನೆರಡು ಜನರನ್ನು ಎಬ್ಬಿಸಿ ನಿಲ್ಲಿಸಿದೆವು, ಮಕ್ಕಳು, ಅಜ್ಜಂದಿರು ಎಲ್ಲ ಸೇರಿ. ಒಬ್ಬೊಬ್ಬರು ಒಂದೊಂದು ಕುಲದ ಕಾಣಿಕೆಯನ್ನು ಓದಿದರು. "ಉಳಿದವರೂ ಹಾಗೆಯೇ ಕೊಟ್ಟರು" ಅಂತ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು, ಆದರೆ ದೇವರ ವಾಕ್ಯ ಹಾಗೆ ಮುಗಿಸುವುದಿಲ್ಲ. ಪ್ರತಿಯೊಬ್ಬನನ್ನೂ ಹೆಸರು ಹಿಡಿದು, ತಂದೆಯ ಹೆಸರು ಹೇಳಿ, ತಂದದ್ದನ್ನು ಪೂರ್ತಿ ಬರೆಯುತ್ತದೆ. ಹತ್ತನೆಯವನ ಸರದಿ ಬರುವ ಹೊತ್ತಿಗೆ ಇದು ಎಲ್ಲರಿಗೂ ತಾನಾಗಿಯೇ ತಿಳಿದಿತ್ತು.

ನ್ಯಾಯಸ್ಥಾಪಕರು 19ನೇ ಅಧ್ಯಾಯ ಬರುವ ಮುಂಚೆ ತಂದೆತಾಯಂದಿರಿಗೆ ತಿಳಿಸಿದ್ದೆವು. ಮಕ್ಕಳಿಗೆ ಆ ಸಂಜೆ ಬೇರೆ ಕೋಣೆ. ಆ ಅಧ್ಯಾಯದಲ್ಲಿ ಗುಂಪೊಂದರ ಅತ್ಯಾಚಾರಕ್ಕೆ ಸಿಕ್ಕಿ ಸಾಯುವ ಹೆಂಗಸಿಗೆ ಆದದ್ದನ್ನು ಓದಿದ ಮೇಲೆ ಯಾರೂ ವಿವರಣೆ ಕೊಡಬಾರದು ಅಂತ ಸಭಾಪಾಲಕರು ಕೇಳಿಕೊಂಡಿದ್ದರು. ಅದು ಸರಿಯಾದ ಮಾತು ಅಂತ ನನಗೆ ಈಗಲೂ ಅನಿಸುತ್ತದೆ. ಇಂಥ ಭಾಗಕ್ಕೆ ಕೂಡಲೇ ಸಮಾಧಾನ ಹೇಳಲು ಹೋದರೆ ನೊಂದವರ ಬಾಯಿ ಮುಚ್ಚಿಸಿದ ಹಾಗೆ. ಪ್ರಲಾಪಗಳು ಅನ್ನುವ ಶೋಕಗೀತೆಗಳ ಪುಸ್ತಕದಿಂದ ಕೆಲವು ವಚನ ಓದಿ, ಪ್ರಾರ್ಥಿಸಿ ಎದ್ದೆವು. ಮುಂದಿನ ಪುಸ್ತಕ ರೂತಳು. ನ್ಯಾಯಸ್ಥಾಪಕರ ಕಾಲದಲ್ಲೇ ನಡೆದದ್ದು ಅಂತ ಅದರ ಮೊದಲ ವಚನವೇ ಹೇಳುತ್ತದೆ. ಅಂಥ ಕಾಲದಲ್ಲೂ ಬೋವಜನ ಹೊಲದಲ್ಲಿ ಒಬ್ಬ ಪರದೇಶಿ ವಿಧವೆ ಭಯವಿಲ್ಲದೆ ಹಕ್ಕಲಾಯಬಹುದಿತ್ತು, ಅಂದರೆ ಕೊಯ್ಲಿನಲ್ಲಿ ಬಿಟ್ಟುಹೋದ ತೆನೆ ಆಯ್ದುಕೊಳ್ಳಬಹುದಿತ್ತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದಾಗಲೇ ಇದರ ಬೆಲೆ ಗೊತ್ತಾಗುವುದು.

ಸಂಜೆಯ ಮಾತುಕತೆಗೆ ಎರಡೇ ಪ್ರಶ್ನೆ: ಏನು ಕಂಡಿರಿ? ಏನು ಅರ್ಥವಾಗಲಿಲ್ಲ? ನಮ್ಮ ಜೀವನಕ್ಕೆ ಇದರಿಂದ ಏನು ಅನ್ನುವುದು ಆಮೇಲೆ. ಮೊದಲೇ ಅಲ್ಲಿಗೆ ಹಾರಿದರೆ ಎಲ್ಲ ಅಧ್ಯಾಯವೂ ಒಂದೇ ಥರ ಕೇಳಿಸತೊಡಗುತ್ತದೆ. ಉತ್ತರ ಸಿಗದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಕೆಲವಕ್ಕೆ ತಿಂಗಳುಗಳ ನಂತರ ಇನ್ನೊಂದು ಪುಸ್ತಕದಲ್ಲಿ ಉತ್ತರ ಸಿಕ್ಕಿದೆ.

ಸುವಾರ್ತೆಗಳಲ್ಲಿ ಮಾರ್ಕನದನ್ನು ಒಂದೇ ಸಂಜೆ ಪೂರ್ತಿ ಓದಿ. 16 ಅಧ್ಯಾಯಕ್ಕೆ ಒಂದೂವರೆ ಗಂಟೆಯ ಆಸುಪಾಸು ಸಾಕು. ಹೊಸ ಒಡಂಬಡಿಕೆಯ ಪತ್ರಗಳನ್ನೂ ಹಾಗೆಯೇ, ತುಂಡು ಮಾಡದೆ. ಕೊಲೊಸ್ಸೆ ಊರಿನ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲನು ಅದನ್ನು ಲವೊದಿಕೀಯದ ಸಭೆಯಲ್ಲೂ ಓದಿಸಿರಿ ಅನ್ನುತ್ತಾನೆ. ಆ ಪತ್ರ ಹುಟ್ಟಿದ್ದೇ ಸಭೆಯ ಕಿವಿಗೆ.

ಈಗ ಎರಡನೇ ಸುತ್ತು ಶುರುವಾಗಿದೆ. ಈ ಸಲ ಯೋಬನ ಪುಸ್ತಕದ 42 ಅಧ್ಯಾಯಗಳನ್ನು ಪಾತ್ರ ಹಂಚಿಕೊಂಡು ಓದುತ್ತೇವೆ. ಯೋಬನ ಜೊತೆ ವಾದಿಸುವ ಎಲೀಫಜ, ಬಿಲ್ದದ, ಚೋಫರ, ಎಲೀಹು ಎಲ್ಲರಿಗೂ ಜನ ಸಿಕ್ಕಿದ್ದಾರೆ. ಯೋಬನ ಭಾಗ ತುಂಬಾ ಉದ್ದ, ಒಬ್ಬರಿಗೆ ಹೊರಿಸಲಾಗದು. ಅದಕ್ಕೆ ಮೂವರು ಒಪ್ಪಿದ್ದಾರೆ, ನಾಲ್ಕನೆಯವರನ್ನು ಈ ಭಾನುವಾರ ಕೇಳಬೇಕು.