ಹಲಗೆ ಹೊಡೆಯುವ ಮೊದಲೇ ಅಂಚಿಗೂ ಪಾಲಿಶ್
ಗೋಡೆಗೆ ಮರದ ಹಲಗೆ ಹೊಡೆಸುವವರಿಗೆ ಒಂದು ಮಾತು: ಒಂದರೊಳಗೊಂದು ಕೂರುವ ಹಲಗೆಯಾದರೆ, ಒಳಗೆ ಹೋಗುವ ನಾಲಿಗೆಯಂಥ ಅಂಚಿಗೂ ಪಾಲಿಶ್ ಹಚ್ಚಿ, ಒಣಗಿಸಿ, ಆಮೇಲೆ ಮೊಳೆ ಹೊಡೆಸಿ. ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಆಗ ಸಂದಿಯಿಂದ ಪಾಲಿಶ್ ಕಾಣದ ಬಿಳಿ ಗೆರೆ ಇಣುಕುತ್ತದೆ. ಅಂಚಿಗೂ ಅದೇ ಬಣ್ಣವಿದ್ದರೆ ಸಂದಿ ಬಿಟ್ಟದ್ದು ಎದ್ದು ಕಾಣುವುದಿಲ್ಲ. ಬಡಗಿ ‘ಸುಮ್ನೆ ಯಾಕೆ’ ಅನ್ನಬಹುದು, ಹಚ್ಚಿಸಿಯೇ ಬಿಡಿ. ಹಲಗೆ ಕೂತ ಮೇಲೆ ಒಳಗೆ ಬ್ರಷ್ ಹೋಗುವುದಿಲ್ಲ, ಅಲ್ವಾ? ದಪ್ಪಗೆ ಮಾತ್ರ ಬೇಡ, ಜೋಡಣೆ ಬಿಗಿಯಾಗುತ್ತದೆ. ಪ್ಲೈವುಡ್‌ ಶೀಟಿಗೆ ಈ ಉಸಾಬರಿ ಬೇಕಿಲ್ಲ, ಅದು ಅಷ್ಟು ಜಾಸ್ತಿ ಹಿಗ್ಗಿ ಕುಗ್ಗುವುದಿಲ್ಲ. ಗೋಡೆಯೇ ಜಿನುಗುತ್ತಿದ್ದರೆ ಯಾವ ಪಾಲಿಶೂ ಹಲಗೆ ಉಳಿಸದು, ಮೊದಲು ಆ ತೇವ ನಿಲ್ಲಿಸಿ.