ಒಂದೇ ಕ್ಯಾಮೆರಾ, ಒಂದೇ ಪರದೆ: ನನ್ನ ರಂಗಗೀತೆ ಲೈವ್ ನಿಂತ ಬಗೆ

ಭಾನುವಾರ ರಾತ್ರಿ ಒಂಬತ್ತಕ್ಕೆ ದಾವಣಗೆರೆಯ ನಮ್ಮ ಮನೆಯ ಮೇಲಿನ ಕೋಣೆಯಿಂದ ಯೂಟ್ಯೂಬಿನಲ್ಲಿ ರಂಗಗೀತೆ ಲೈವ್ ಮಾಡುತ್ತೇನೆ. ಒಂದೂವರೆ ತಾಸು, ಒಂದೇ ವೆಬ್‌ಕ್ಯಾಮ್, ಹಿಂದೆ ಒಂದೇ ಪರದೆ. ಕಟ್ ಇಲ್ಲ, ಜೂಮ್ ಇಲ್ಲ. ಈಗ ಒಂದೇ ಹೊತ್ತಿಗೆ 150–200 ಜನ ಕೂತಿರುತ್ತಾರೆ. ಒಬ್ಬೊಬ್ಬರು ಸರಾಸರಿ 18–20 ನಿಮಿಷ ನೋಡುತ್ತಾರೆ. ಲೈವ್ ಮಾಡುವವರಿಗೆ ಈ ಅಂಕಿಯ ಬೆಲೆ ಗೊತ್ತಿರುತ್ತದೆ.

ಇದು ನಡೆಯೋದಿಲ್ಲ ಅಂದವರೇ ಹೆಚ್ಚು. ಮದುವೆ ವಿಡಿಯೊ ಮಾಡುವ ನಮ್ಮಣ್ಣನ ಮಗ ಖಡಾಖಂಡಿತ ಹೇಳಿದ್ದ: “ಅತ್ತೆ, ಮೂರು ಸೆಕೆಂಡಿಗೊಮ್ಮೆ ಶಾಟ್ ಬದಲಾಗ್ಲಿಲ್ಲ ಅಂದ್ರೆ ಜನ ಬೆರಳಾಡಿಸಿ ಮುಂದಕ್ಕೆ ಹೋಗ್ತಾರೆ.” ಮೊದಲು ಅವನ ದಾರಿಯಲ್ಲೇ ಹೋದೆವು. ಎರಡು ಮೊಬೈಲ್, ಒಂದು ವೆಬ್‌ಕ್ಯಾಮ್, ರಿಂಗ್ ಲೈಟ್, ಬಣ್ಣ ಬದಲಾಗುವ ಎಲ್ಇಡಿ ಪಟ್ಟಿ. 20,000ದ ಹತ್ತಿರ ಕೈಬಿಟ್ಟಿತು. ರಿಂಗ್ ಲೈಟಿನ ಬಿಳಿ ಬಳೆ ನನ್ನ ಕನ್ನಡಕದಲ್ಲೂ ಹಾರ್ಮೋನಿಯಮ್ಮಿನ ಪಾಲಿಶ್ ಮೇಲೂ ಕೂತಿರುತ್ತಿತ್ತು. ಲ್ಯಾಪ್‌ಟಾಪ್ ಕಾದು ದನಿ ತುಂಡಾಗುತ್ತಿತ್ತು. ಜನ ಎರಡು–ಮೂರು ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ಆರೇಳು ತಿಂಗಳು ಹಾಗೇ ಹೋಯಿತು.

ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಮ್ಮದು. ಕಂಪನಿ ನಾಟಕದ ಪರದೆಗಳನ್ನು ನೋಡಿಯೇ ಬೆಳೆದವಳು ನಾನು. ಅರಮನೆ, ಬೀದಿ, ತೋಟ, ಎಲ್ಲದರಲ್ಲೂ ದೊಡ್ಡ ಆಕಾರ, ದಪ್ಪ ಗೆರೆ. ಕೊನೇ ಸಾಲಿನಲ್ಲಿ ಕೂತವನಿಗೂ ಕಾಣಬೇಕು ಅಂತಲೇ ಹಾಗೆ ಬರೆಯುತ್ತಿದ್ದರು. ಅಂಗೈಯಗಲದ ಮೊಬೈಲಿನಲ್ಲಿ ನನ್ನನ್ನು ನೋಡುವವರೆಲ್ಲ ಕೊನೇ ಸಾಲಿನವರೇ. ನಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದ ಹುಡುಗನೊಬ್ಬನಿಂದ ದಪ್ಪ ಹತ್ತಿ ಬಟ್ಟೆ ಮೇಲೆ ಅರಮನೆ ಕಂಬಗಳ ಪರದೆ ಬರೆಸಿದೆ. ಎಂಟಡಿ, ಹತ್ತಡಿ. ಬಣ್ಣ, ಬಟ್ಟೆ, ಕೂಲಿ ಸೇರಿ 6,500 ಆಯಿತು ಅಂತ ನೆನಪು. ಗಾಢ ಕೆಂಪು ವೆಬ್‌ಕ್ಯಾಮಿನಲ್ಲಿ ಅಂಚು ಬಿಟ್ಟು ಹರಡುತ್ತದೆ, ಅದಕ್ಕೆ ಕೆಂಪನ್ನು ಮಂಕು ಮಾಡಿಸಿದ್ದೇನೆ. ಏನು ಬೆರೆಸಿ ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.

ಪರದೆ ಬಂದ ಮೇಲೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಲೇ ಇತ್ತು. ನೆಟ್ಟಿನದೇ ದೋಷ ಅಂತ ಎಲ್ಲರೂ ಅಂದರು. ಫೈಬರ್ ಪ್ಲಾನ್ ಏರಿಸಿದರೂ ಅದೇ ಕತೆ. ಒಂದು ರಾತ್ರಿ ರೆಕಾರ್ಡಿಂಗ್ ನಿಧಾನ ಮಾಡಿ ನೋಡಿದಾಗ ಕಂಬದ ಗೆರೆಗಳು ಅಲುಗುತ್ತಿದ್ದವು. ಫ್ಯಾನ್ ಗಾಳಿ! ಬಟ್ಟೆಯ ಒಂದೊಂದು ಸುಕ್ಕು ಕದಲಿದಾಗಲೂ, ಚಿತ್ರವನ್ನು ಕುಗ್ಗಿಸಿ ಕಳಿಸುವ ಎನ್‌ಕೋಡರ್ ಅದನ್ನು ಹೊಸದಾಗಿ ಕಳಿಸಬೇಕು. ನಾನು ಕೊಡುತ್ತಿದ್ದ 2,500 ಕೆಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಡೇಟಾ) ಎಲ್ಲ ಪರದೆಗೇ ಹೋಗಿ ಮುಖಕ್ಕೂ ಬೆರಳಿಗೂ ಏನೂ ಉಳಿಯುತ್ತಿರಲಿಲ್ಲ. ಪರದೆಯ ಕೆಳಅಂಚಿಗೆ ಬಿದಿರಿನ ಗಳ ಹೊಲಿಸಿ ಎರಡೂ ಬದಿ ಗೋಡೆಗೆ ಬಿಗಿಸಿದೆ, ಫ್ಯಾನ್ ಆರಿಸಿದೆ. ಅದೇ 2,500ರಲ್ಲಿ ಹಾರ್ಮೋನಿಯಮ್ಮಿನ ಮನೆಗಳ ಸಂದು ಸಹ ಕಾಣತೊಡಗಿತು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಇಲ್ಲದೆ ದಾವಣಗೆರೆಯಲ್ಲಿ ಹಾಡುವುದು ಕಷ್ಟ, ಆದರೆ ಹಾಡುತ್ತೇನೆ.

ಬೆಳಕಿನದು ಬೇಗ ಮುಗಿಯಿತು. ಎಡಗಡೆಯಿಂದ ಒಂದೇ ದೀಪ, ಅದರ ಮುಂದೆ ಬಿಳಿ ಪಂಚೆ. ಚಿತ್ರದಲ್ಲಿ ಕಪ್ಪು ಪಟ್ಟೆ ಓಡುತ್ತಿದ್ದರೆ ಕ್ಯಾಮೆರಾದ ಸೆಟ್ಟಿಂಗನ್ನು 60ರಿಂದ 50 ಹರ್ಟ್ಸ್‌ಗೆ ತನ್ನಿ, ನಮ್ಮ ಕರೆಂಟು 50ರದ್ದು. ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಹದ) ಮೂರನ್ನೂ ಕೈಯಿಂದ ಕಟ್ಟಿಹಾಕಿ. ಇಲ್ಲದಿದ್ದರೆ ಸೆರಗು ಸರಿದಾಗಲೆಲ್ಲ ಮುಖದ ಬಣ್ಣ ಬದಲಾಗುತ್ತದೆ.

ಇನ್ನು ಲೈವಿನ ನಡೆಯ ಮಾತು. ನನ್ನ ಲೈವ್ ಗೆದ್ದದ್ದು ಇಲ್ಲೇ. ಮಾಮೂಲಿ ಸೆಟ್ಟಿಂಗಿನಲ್ಲಿ ನಾವು ಆಡಿದ ಮಾತು ಹೋಗಿ, ಚಾಟ್‌ನಲ್ಲಿ ಉತ್ತರ ಬರಲು ಅರ್ಧ ನಿಮಿಷದ ಮೇಲಾಗುತ್ತದೆ. ಅದಕ್ಕೇ ಎಲ್ಲರೂ ಈ ತಡವನ್ನು ತೀರಾ ಕಡಿಮೆ ಮಾಡುವ ಅಲ್ಟ್ರಾ ಲೋ ಲೇಟೆನ್ಸಿ ಸೆಟ್ಟಿಂಗ್ ಹಾಕುತ್ತಾರೆ. ನಾನೂ ಹಾಕಿದ್ದೆ. ಜಗಳೂರು, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ನೋಡುವವರಿಗೆ ಬರೀ ಚಕ್ರ ತಿರುಗುತ್ತಿತ್ತು. ನನ್ನ ಖಾಯಂ ಜನವೇ ಅವರು. ಮಾಮೂಲಿಗೇ ಮರಳಿ, ಆ ತಡವನ್ನೇ ಲೆಕ್ಕಕ್ಕೆ ಹಿಡಿದೆ. “ಮುಂದಿನ ಹಾಡು ಭೀಮಪಲಾಸ ರಾಗದಲ್ಲೋ ಪೀಲುವಿನಲ್ಲೋ?” ಅಂತ ಕೇಳಿ, ತಕ್ಷಣ ತಲೆ ತಗ್ಗಿಸಿ ಮುಕ್ಕಾಲು ನಿಮಿಷ ಬರೀ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನುಡಿಸುತ್ತೇನೆ. ತಲೆ ಎತ್ತುವಷ್ಟರಲ್ಲಿ ಉತ್ತರ ಬಂದು ಬಿದ್ದಿರುತ್ತವೆ. “ಯಾರಾದ್ರೂ ಇದೀರಾ? ಕೇಳಿಸ್ತಿದೆಯಾ?” ಅಂತ ಖಾಲಿ ಕೂರುವ ಹೊತ್ತಿನಲ್ಲೇ ಜನ ಹೋಗುವುದು. ಆ ಖಾಲಿ ಜಾಗ ನನ್ನಲ್ಲಿ ಈಗ ಇಲ್ಲ.

ಶುರುವಿನ ನಾಲ್ಕೈದು ನಿಮಿಷ ಮಾತೇ ಆಡುವುದಿಲ್ಲ, ಪೆಟ್ಟಿಗೆ ಮಾತ್ರ. ನೋಟಿಫಿಕೇಶನ್ ಕಂಡವರು ಬಂದು ಸೇರಲು ಅಷ್ಟು ಹೊತ್ತು ಬೇಕು. ಒಬ್ಬೊಬ್ಬರ ಹೆಸರು ಹಿಡಿದು ನಮಸ್ಕಾರ ಹೇಳುವುದು ಎರಡು ಹಾಡಿನ ನಡುವೆ ಮಾತ್ರ. ಮುಕ್ಕಾಲು ತಾಸಿನ ಹೊತ್ತಿಗೆ ಇಳಿಯುವ, ನೋಡುವವರ ಸಂಖ್ಯೆಯ ಗೆರೆಯನ್ನು ಮತ್ತೆ ಏರಿಸಲು ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕೂತು ನೋಡಿದವರಿಗೆ ತಿಳಿಯುತ್ತದೆ.

ಬೇರೆ ಪ್ರಯೋಗಗಳೂ ಆದವು. ಬೆಳಗಿನ ಜಾವ ಕುಂದವಾಡ ಕೆರೆ ಏರಿಯ ಮೇಲೆ ಕೂತು ಹಾಡಿದೆ, ಮೈಕಿನಲ್ಲಿ ಗಾಳಿಯೇ ಹಾಡಿತು. ಕರೆಂಟ್ ಹೋದ ಒಂದು ರಾತ್ರಿ ಎಣ್ಣೆ ದೀಪದಲ್ಲಿ ಮುಂದುವರಿಸಿದೆ. ಕಣ್ಣಿಗೆ ಚೆಂದ, ಆದರೆ ಕತ್ತಲಿನ ಕಾಳು ಕಾಳು ಚಿತ್ರ ಬಿಟ್‌ರೇಟನ್ನೆಲ್ಲ ನುಂಗಿತು. ಆಮೇಲೆ ರೂಟರಿಗೂ ದೀಪಕ್ಕೂ ಸೇರಿಸಿ ಯುಪಿಎಸ್ ತಂದೆ.

ದುಡ್ಡಿನ ಮಾತು. ನೋಡುವವರು ಚಾಟ್‌ನಲ್ಲಿ ದುಡ್ಡು ಕೊಡುವ ಸೂಪರ್ ಚಾಟ್‌ನಲ್ಲಿ ಯೂಟ್ಯೂಬ್ ನೂರಕ್ಕೆ ಮೂವತ್ತು ಹಿಡಿದುಕೊಳ್ಳುತ್ತದೆ. ಕಳೆದು ಕೈಗೆ ತಿಂಗಳಿಗೆ ಏಳೆಂಟು ಸಾವಿರ ಬರುತ್ತದೆ. ಲೈವ್ ನೋಡಿ ಹಾರ್ಮೋನಿಯಂ ಕಲಿಯಲು ಬಂದ ಆನ್‌ಲೈನ್ ಶಿಷ್ಯರಿಂದ ಅದಕ್ಕಿಂತ ಹೆಚ್ಚು. ಹಾಕಿದ್ದೆಲ್ಲ ಹೆಚ್ಚುಕಡಿಮೆ ಎರಡು ವರ್ಷದಲ್ಲಿ ಮರಳಿದೆ. ಈಗ ತೋಟದ ಸೀನಿನ ಇನ್ನೊಂದು ಪರದೆ ಬರೆಸುತ್ತಿದ್ದೇನೆ. ಹಗ್ಗ, ರಾಟೆ ಮಂಡಿಪೇಟೆಯಿಂದ ತಂದಾಗಿದೆ. ನಡುವೆ ಒಂದೇ ಸಲ, ನೋಡುವವರ ಎದುರೇ ಪರದೆ ಬದಲಾಗಬೇಕು. ಹಗ್ಗ ಎಳೆಯಲು ನಮ್ಮಣ್ಣನ ಮಗನೇ ಒಪ್ಪಿದ್ದಾನೆ.